ಒಂದೇ ಶಾಲು

ಗಂಡನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಾಗ ಇಲ್ಲಿ ಗಲ್ಫಿನಲ್ಲಿರುವ ನಮ್ಮ ಊರಿನ ಕಡೆಯವರೆಲ್ಲ ಆಸ್ಪತ್ರೆಗೆ ಒಂದೊಂದು ಸಲ ಬಂದರು. ದ್ರಾಕ್ಷಿ ಇಟ್ಟರು, ಒಂದು ಜಪ ಹೇಳಿದರು, ವಾಚು ನೋಡಿಕೊಂಡರು. ನಾವು ಉಡುಪಿ ಕಡೆಯ ಕ್ರೈಸ್ತರು, ಶಿಷ್ಟಾಚಾರಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಸುತ್ತ ಜನ ಮಾತಾಡುತ್ತಿದ್ದರೆ ಇವರ ಮಾತು ಮರಳಬಹುದು ಎಂದು ಡಾಕ್ಟರು ಹೇಳಿದ್ದರು. ಅಲ್ ವುಕೈರ್‌ನ ಮನೆಯಿಂದ ಆಫೀಸಿಗೆ, ಆಫೀಸಿನಿಂದ ವಾರ್ಡಿಗೆ ಓಡುವ ನಾನು ಆ ಜನರನ್ನು ಎಲ್ಲಿಂದ ತರಲಿ?

ಬಂದವರು ಕೆನ್ಯಾದ ಹೆಂಗಸರು. ಅಬು ಹಮೂರ್ ಚರ್ಚಿನಲ್ಲಿ ನಮ್ಮ ಊರಿನವರ ಸಂಘ ಅವರ ಜೊತೆ ಸೇರಿ ರೋಗಿಗಳ ಸೇವೆ ಶುರು ಮಾಡಿತ್ತು. ವ್ಯಾನು ನಮ್ಮದು, ಮೈಮುರಿಯುವ ಕೆಲಸ ಅವರದು. ಮನೆಗೆಲಸದಿಂದ ಶುಕ್ರವಾರ ಮಾತ್ರ ಬಿಡುವು ಸಿಗುವ ಅವರು ಒಬ್ಬಿಬ್ಬರಾಗಿ ಬಂದದ್ದೇ ಇಲ್ಲ, ಬಂದರೆ ದಂಡೇ. ಒಬ್ಬಳು ಕಾಲು ತಿಕ್ಕಿದರೆ ಇನ್ನೊಬ್ಬಳು ಉಗುರು ಕತ್ತರಿಸುವಳು, ಉಳಿದವರು ಇವರ ಜೊತೆ ಹರಟುವರು. ಇವರಿಗೆ ಮಧ್ಯಾಹ್ನ ಏನು ತಿನ್ನಿಸಬೇಕು ಎಂಬುದಕ್ಕೂ ಎಲ್ಲರೂ ಒಪ್ಪುವತನಕ ಚರ್ಚೆ. ನನಗೆ ಮೊದಮೊದಲು ಕಿರಿಕಿರಿಯಾಗಿತ್ತು. ಆದರೆ ಅವರು ಮೆಲ್ಲಗೆ ಗುನುಗಿದಾಗ ಇವರ ಗಂಟಲಿನಿಂದಲೂ ಒಂದು ಸ್ವರ ಹೊರಟಿತು. ಅಂದಿನಿಂದ ನಾನು ಶುಕ್ರವಾರಕ್ಕಾಗಿಯೇ ಬದುಕಿದೆ.

ಅಷ್ಟರಲ್ಲಿ ಸಂಘದ ವಾರ್ಷಿಕೋತ್ಸವ ಬಂತು. ನಮ್ಮವರಿಗೆ ಯಾರಿಗಾದರೂ ಶಾಲು ಹೊದಿಸದಿದ್ದರೆ ಉಂಡದ್ದು ಜೀರ್ಣವಾಗುವುದಿಲ್ಲ. ಆ ಹೆಂಗಸರಲ್ಲಿ ಹಿರಿಯಳನ್ನು ಸನ್ಮಾನಕ್ಕೆ ಆರಿಸಿದರು. ಸುವಾರ್ತೆಯ ಕೆಲಸದಲ್ಲಿ ಎಲ್ಲ ದೇಶದವರೂ ಪಾಲುದಾರರು ಎಂದು ಅಧ್ಯಕ್ಷರು ಉದ್ದಕ್ಕೆ ಭಾಷಣ ಬಿಗಿದು ಅವಳ ಹೆಸರು ಕೂಗಿದರು. ಅವಳ ಹಿಂದೆಯೇ ಆ ಹೆಂಗಸರೆಲ್ಲ ವೇದಿಕೆ ಹತ್ತಿದರು. ಅಧ್ಯಕ್ಷರು ಮೈಕಿನಲ್ಲೇ, ಒಬ್ಬರು ಸಾಕು, ಉಳಿದವರು ದಯವಿಟ್ಟು ಇಳಿಯಿರಿ ಎಂದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಹಿರಿಯಳು ತನ್ನ ನಿಧಾನದ ಇಂಗ್ಲಿಷಿನಲ್ಲಿ ಹೇಳಿದಳು: "ಕೆಲಸ ಎಲ್ಲರದು. ಶಾಲು ನನಗೊಬ್ಬಳಿಗೆ ಹೊದಿಸಿದರೆ ನಾಳೆ ಇವರ ನಡುವೆ ನಾನು ಹೇಗೆ ಕೂರಲಿ?"

ಎಲ್ಲರೂ ಒಟ್ಟಿಗೆ ಇಳಿದು ಹೋದರು. ಅಧ್ಯಕ್ಷರ ಕೈಯಲ್ಲಿ ಶಾಲು, ಫೋಟೋದವನ ಕೈಯಲ್ಲಿ ಕ್ಯಾಮೆರಾ. ಸಭೆಯಲ್ಲಿ ಮೂಗು ಮುರಿದವರೇ ಹೆಚ್ಚು. ಮಾನ ಕೊಟ್ಟರೂ ಉಳಿಸಿಕೊಳ್ಳಲು ಗೊತ್ತಿಲ್ಲ ಎಂದರು. ಮುಂದಿನ ವಾರವೇ ಸಮಿತಿ ವ್ಯಾನು ನಿಲ್ಲಿಸಿತು. ಆ ಹೆಂಗಸರು ಇದ್ದದ್ದು ದೂರ ದೂರದ ಮನೆಗಳಲ್ಲಿ, ಸಿಗುತ್ತಿದ್ದ ಬಿಡುವು ಬಸ್ಸು ಹಿಡಿದು ಬಂದು ಹೋಗುವುದಕ್ಕೇ ಸಾಲುತ್ತಿರಲಿಲ್ಲ. ನಾನು ಅಧ್ಯಕ್ಷರಿಗೆ ಫೋನು ಮಾಡಿ ಗೋಗರೆದೆ.

"ನೀವು ಬೇಜಾರು ಮಾಡ್ಬೇಡಿ ಬಾಯಿ, ಬೇರೆ ಟೀಮ್ ಕಳಿಸ್ತೇವೆ. ಆ ವಿಷಯ ಖಲಾಸ್" ಎಂದರು.

ಟೀಮ್ ಬಂತು. ಇಸ್ತ್ರಿ ಮಾಡಿದ ಅಂಗಿಯ ಇಬ್ಬರು ಗಂಡಸರು, ಇಬ್ಬರೂ ನಮ್ಮ ಊರಿನವರೇ. ಹಾಸಿಗೆಯ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಆಗ ಗಂಡನ ತುಟಿ ಅಲುಗಿತು. ತಿಂಗಳುಗಟ್ಟಲೆ ಕಾದಿದ್ದ ಮಾತು, ತೊದಲಿದರೂ ಸ್ಪಷ್ಟವಾಗಿಯೇ ಬಂತು.

"ನಮ್ಮವರು ಎಲ್ಲಿ?"

ಇಬ್ಬರಲ್ಲೊಬ್ಬ ಖುಷಿಯಿಂದ ಬಗ್ಗಿ, ನಾವೇ ಬಂದಿದ್ದೇವಲ್ಲ ಎಂದ. ಗಂಡ ಅವನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಅದೇ ಪ್ರಶ್ನೆಯನ್ನು ನನ್ನನ್ನು ಕೇಳಿದರು.