ಓರೆ ಚಿಟ್ಟೆ, ಕೆಂಪು ಬಾಣ

ಗಾರ್ಮೆಂಟ್ಸ್ ಕಾರ್ಖಾನೆಯ ಮೂರನೇ ಲೈನಿನಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಬಾಣದಕ್ಕ. ಹೊಲಿದು ಮುಗಿದ ಅಂಗಿಗಳು ಅವಳ ಮೇಜಿಗೆ ಬರುತ್ತಿದ್ದವು. ಕಾಲರಿನ ಎರಡು ತುದಿ ಜೋಡಿಸಿ ನೋಡುವಳು, ತೋಳನ್ನು ಒಳಗೆ ಹೊರಗೆ ಮಾಡುವಳು, ಗುಂಡಿಗಳನ್ನು ಹೆಬ್ಬೆರಳಿನಿಂದ ಎಳೆದು ನೋಡುವಳು. ಒಂದು ಹೊಲಿಗೆ ತಪ್ಪಿದ್ದರೂ ಸಾಕು, ಅಲ್ಲಿಗೆ ಉಗುರಿನಷ್ಟು ಚಿಕ್ಕ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಪಕ್ಕದ ಬುಟ್ಟಿಗೆ ಎಸೆಯುವಳು. ಬುಟ್ಟಿ ತುಂಬಿದ ಮೇಲೆ ಹೊಲಿದವರ ಹತ್ತಿರವೇ ವಾಪಸ್ಸು. ಅಲ್ಲಿಯ ನಿಯಮವೇ ಹಾಗೆ: ಚೆಕಿಂಗ್ ಮೇಜಿನವರು ಸೂಜಿ ಮುಟ್ಟುವ ಹಾಗಿಲ್ಲ, ತಪ್ಪು ಯಾರದೋ, ತಿದ್ದುವವರೂ ಅವರೇ. ಹನ್ನೊಂದು ವರ್ಷದಲ್ಲಿ ಅವಳು ಕಾರ್ಖಾನೆಯೊಳಗೆ ಒಂದೇ ಒಂದು ಗುಂಡಿಯನ್ನೂ ಹೊಲಿದವಳಲ್ಲ.

ಮನೆಯಲ್ಲಿ ಮಾತ್ರ ಕಣ್ಣೂ ಅವಳದೇ, ಕೈಯೂ ಅವಳದೇ. ಮಂಚದ ಮೇಲೆ ಒದ್ದೆ ಟವೆಲ್ ಕಂಡರೆ ಬಾಣ ಅಂಟಿಸುವವರಿಲ್ಲ. ನೋಡಿದವಳೇ ಎತ್ತಬೇಕು, ಎತ್ತಿದವಳೇ ಒಣಗಿಸಬೇಕು.

ಗಂಡ ಕೆಟ್ಟವನೇನಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಕೈಯಲ್ಲಿ ಗಾಡಿ ಓಡಿಸುವುದು ಅವನ ಕಸುಬು. ಕಷ್ಟವೇನೆಂದರೆ, ಮನೆಗೆ ಬಂದ ಮೇಲೂ ಅವನು ಆ ಸೀಟಿನಿಂದ ಇಳಿಯುತ್ತಿರಲಿಲ್ಲ. "ಸ್ವಲ್ಪ ಎಡಕ್ಕೆ... ಹಾಂ, ಇನ್ನೂ ಸ್ವಲ್ಪ... ನಿಲ್ಲು ನಿಲ್ಲು!" ಎಂದು ಹೇಳಿ ಹೇಳಿಯೇ ಪ್ರತಿ ವರ್ಷ ವಸಂತದ ರಜೆಗೆ ಮನೆಯನ್ನು ಅಲಂಕರಿಸುತ್ತಿದ್ದ. ಸ್ಟೂಲಿನ ಮೇಲೆ ಅವಳು, ಕೆಳಗಡೆ ಅವನ ತೋರುಬೆರಳು. ಕಾಗದ ತರುವುದು, ಮೈದಾ ಅಂಟು ಕುದಿಸುವುದು, ಕತ್ತರಿಸಿದ ಚೂರುಗಳನ್ನು ಸೋಫಾದ ಸಂದಿಯಿಂದ ಹೆಕ್ಕುವುದು ಎಲ್ಲ ಅವಳ ಲೆಕ್ಕಕ್ಕೆ. "ನಾವೂ ಮಕ್ಕಳೂ ಸೇರಿ ಮಾಡಿದ್ವಿ" ಎಂದು ಬೀದಿಗೆಲ್ಲ ಹೇಳುವುದು ಅವನ ಲೆಕ್ಕಕ್ಕೆ.

ಇನ್ನೊಂದು ಗುಟ್ಟೂ ಇತ್ತು. ಮಕ್ಕಳು ಮಾಡಿದ ಹೂವು, ಹಕ್ಕಿಗಳನ್ನು ಅವಳ ಚೆಕಿಂಗ್ ಕಣ್ಣು ಸಹಿಸುತ್ತಿರಲಿಲ್ಲ. ಅವರು ಆಡಲು ಹೋದ ತಕ್ಷಣ ಓರೆಯನ್ನು ನೇರ ಮಾಡಿ, ಹರಿದದ್ದನ್ನು ಬದಲಾಯಿಸಿ, ಏನೂ ಗೊತ್ತಿಲ್ಲದವಳಂತೆ ಸೊಪ್ಪು ಬಿಡಿಸುತ್ತ ಕೂತುಬಿಡುತ್ತಿದ್ದಳು. ಹೋದ ವರ್ಷ ಅದು ಸಿಕ್ಕಿಬಿತ್ತು. ರಜೆಯ ಎರಡನೇ ದಿನ ಊಟಕ್ಕೆ ಬಂದ ಗಂಡನ ಅಕ್ಕ, ಮಕ್ಕಳ ಅತ್ತೆ, ಕಿಟಕಿಯಲ್ಲಿ ತೂಗುತ್ತಿದ್ದ ಚಿಟ್ಟೆಯನ್ನು ನೋಡಿ, "ಅಬ್ಬಾ, ಎಂಟು ವರ್ಷದ ಹುಡುಗಿ ಮಾಡಿದ್ದಾ ಇದು! ಎಷ್ಟು ಅಚ್ಚುಕಟ್ಟು!" ಎಂದು ಹೊಗಳಿದಳು. ಮಗಳು ತಟ್ಟೆಯಿಂದ ತಲೆ ಎತ್ತಲೇ ಇಲ್ಲ.

"ಅದು ಅಮ್ಮನ ಚಿಟ್ಟೆ ಅತ್ತೆ. ನನ್ನದು ಕಸದ ಬುಟ್ಟೀಲಿದೆ."

ಬಾಣದಕ್ಕ ಸಾರು ತರುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದಳು.

ಈ ವರ್ಷ ರಜೆ ಹತ್ತಿರ ಬಂದರೂ ಮಗಳು ಕಾಗದ ಮುಟ್ಟಲಿಲ್ಲ. ಆರು ವರ್ಷದ ತಮ್ಮ, ಇಡೀ ಬೀದಿಯೇ ಪಟಾಕಿ ಎಂದು ಕರೆಯುವ ಪೋರ, ಕತ್ತರಿ ಹಿಡಿದು ಸುತ್ತಲೂ ಕುಣಿದರೂ ಅವಳು ಗೋಡೆ ಕಡೆ ತಿರುಗಿಯೇ ಮಲಗಿದ್ದಳು.

"ಏನ್ಮಾಡಿದ್ರೂ ನೀನು ಸರಿ ಮಾಡ್ತೀಯ. ನೀನೇ ಮಾಡ್ಕೊ."

"ಈ ಸಲ ಮುಟ್ಟಲ್ಲ ಕಣೇ."

"ಹೋದ ಸಲಾನೂ ಮುಟ್ಟೇ ಇಲ್ಲ ಅಂದಿದ್ದೆ."

ಬಾಣದಕ್ಕ ಕೈಚೀಲದಿಂದ ಕೆಂಪು ಬಾಣದ ಒಂದು ಸುರುಳಿ ತೆಗೆದು ಮಂಚದ ಮೇಲಿಟ್ಟಳು. ಮುಗಿಯುತ್ತ ಬಂದ ಸುರುಳಿ, ಅಂಟು ಕಮ್ಮಿಯಾಗಿದೆ ಎಂದು ಸೂಪರ್‌ವೈಸರ್ ಎಸೆಯಲು ಕೊಟ್ಟಿದ್ದು.

"ನೋಡು, ಕಾರ್ಖಾನೆ ನಿಯಮ ಮನೆಗೂ ತರೋಣ. ತಪ್ಪು ಕಂಡಲ್ಲಿ ಬಾಣ. ಯಾರು ಮಾಡಿದ್ರೋ ಅವರೇ ತಿದ್ದಬೇಕು, ತಿದ್ದಿದ ಮೇಲೇ ಬಾಣ ಕೀಳಬೇಕು. ನಾನು ಚೆಕಿಂಗು. ಚೆಕಿಂಗಿನವರು ಸೂಜಿ ಮುಟ್ಟಲ್ಲ. ಕತ್ತರಿ, ಅಂಟು, ಪೊರಕೆ, ಏನೂ ಮುಟ್ಟಲ್ಲ."

ಮಗಳು ಗೋಡೆಯಿಂದ ಅರ್ಧ ತಿರುಗಿದಳು. "ನೀನು ನನ್ನ ಚಿಟ್ಟೆ ಮುಟ್ಟಿದ್ರೆ?"

"ನನಗೂ ಬಾಣ."

"ಅಪ್ಪಂಗೆ?" ಪಟಾಕಿಯ ಕಣ್ಣು ಮಿನುಗಿತು.

"ಅಪ್ಪ ಏನು ಮೇಲಿಂದ ಇಳಿದು ಬಂದಿದ್ದಾರಾ?"

ರಜೆಯ ಮೊದಲ ದಿನ ಬೆಳಗ್ಗೆ ಬಾಣದಕ್ಕ ಕಿಟಕಿಯ ಕೆಳಗಿನ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. ಆ ಕುರ್ಚಿ ಕೊಂಡು ನಾಲ್ಕು ವರ್ಷವಾಗಿತ್ತು. ಅದಕ್ಕೆ ಬೆನ್ನು ಒರಗಿಸಿಕೊಳ್ಳುವ ಜಾಗವೂ ಇದೆ ಎಂಬುದು ಅವಳಿಗೆ ಅವತ್ತು ಗೊತ್ತಾಯಿತು.

"ಶುರು ಮಾಡೋಣ್ವಾ?" ಗಂಡ ಅಂಗೈ ಉಜ್ಜುತ್ತ ಬಂದ. "ಅಂಟು ಎಲ್ಲೇ?"

"ಮೈದಾ ಡಬ್ಬೀಲಿದೆ, ನೀರು ನಲ್ಲೀಲಿದೆ ರೀ."

ಅವನು ನಕ್ಕ. ಹೆಂಡತಿ ನಗಲಿಲ್ಲ. ಪಟಾಕಿ ಬಂದು ಅಪ್ಪ ಕುಡಿದು ಕುರ್ಚಿಯ ಕೆಳಗೆ ತಳ್ಳಿದ್ದ ಲೋಟದ ಮೇಲೆ ಒಂದು ಬಾಣ ಅಂಟಿಸಿದ. ನಿಯಮ ವಿವರಿಸಿದಾಗ ಅಪ್ಪನಿಗೆ ಭಾರೀ ಖುಷಿಯಾಯಿತು. "ಒಳ್ಳೇ ಐಡಿಯಾ! ನಾನೂ ಆಡ್ತೀನಿ." ಊಟದ ಹೊತ್ತಿಗೆ ಆಟದ ಬಿಸಿ ತಟ್ಟಿತ್ತು. ಒದ್ದೆ ಟವೆಲ್ಲಿಗೆ ಒಂದು, ಬಾಗಿಲಿಗೆ ಅಡ್ಡ ಬಿದ್ದ ಚಪ್ಪಲಿಗೆ ಎರಡು, ಹಾಸಿಗೆ ಮೇಲಿನ ಪೇಪರಿಗೆ ಹಾಳೆಗೊಂದು. ಬಚ್ಚಲಿನ ಕನ್ನಡಿಯಲ್ಲಿ ಪೇಸ್ಟಿನ ಚುಕ್ಕಿ ಎಷ್ಟೋ ಬಾಣ ಅಷ್ಟು.

"ಇಪ್ಪತ್ತಾರು!" ಎಂದು ಮಗಳು ಕೂಗಿದಳು.

"ಲೇ, ಇದು ಅನ್ಯಾಯ. ಇವಳಿಗೆ ಒಂದೂ ಇಲ್ಲ, ನನಗೆ ಮಾತ್ರ ಇಪ್ಪತ್ತಾರಾ?"

"ನಾನು ಏನು ಮಾಡಿದ್ದೀನಿ ತಪ್ಪಾಗೋಕೆ? ಕೂತಿದ್ದೀನಿ," ಎಂದಳು ಬಾಣದಕ್ಕ. "ನೀವು ದಿನಾ ಕೂತಿರ್ತೀರಲ್ಲ, ಹಂಗೇ."

ಅಂಟು ಮೊದಲ ಸಲ ತಳ ಹಿಡಿಯಿತು. ಪಾತ್ರೆಗೊಂದು ಬಾಣ. ಎರಡನೇ ಸಲ ಗಂಟುಗಂಟಾಯಿತು. ಮೂರನೇ ಸಲ ಅವನು ಒಲೆ ಬಿಟ್ಟು ಅಲುಗದೆ, ಬ್ರೇಕಿನ ಮೇಲೆ ಕಾಲಿಟ್ಟು ಕೂತವನಂತೆ ಸೌಟು ಹಿಡಿದು ನಿಂತ. ಒಣ ಕೊಂಬೆಯೊಂದನ್ನು ಮರಳು ತುಂಬಿದ ಬಕೆಟಿನಲ್ಲಿ ನೆಟ್ಟು ಮಕ್ಕಳು ಗುಲಾಬಿ ಕಾಗದದ ಮೊಗ್ಗು ಅಂಟಿಸಿದರು. ಅರ್ಧ ಮೊಗ್ಗು ಕೊಂಬೆಗೆ, ಅರ್ಧ ಪಟಾಕಿಯ ಮೊಣಕೈಗೆ.

ಕಷ್ಟವಾದದ್ದು ಬಾಣದಕ್ಕನಿಗೆ. ಮಗಳು ನೀಲಿ ಕಾಗದದಲ್ಲಿ ದೊಡ್ಡದೊಂದು ಚಿಟ್ಟೆ ಮಾಡಿ ಕಿಟಕಿಗೆ ತೂಗುಹಾಕಿದ್ದಳು, ಸರಿಯಾಗಿ ಅವಳ ತಲೆಯ ಮೇಲೆ. ಎಡ ರೆಕ್ಕೆ ಬಲಕ್ಕಿಂತ ಎರಡು ಬೆರಳು ಮೇಲಿತ್ತು. ಕತ್ತು ತಿರುಗಿಸಿದರೂ ಕಾಣುತ್ತಿತ್ತು, ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಕಾಲರಿನ ಎರಡು ತುದಿ ನೂಲಿನೆಳೆಯಷ್ಟು ಏರುಪೇರಾದರೂ ಹಿಡಿಯುವ ಕಣ್ಣಿಗೆ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಹಿಂಸೆ. ಬೆರಳುಗಳನ್ನು ಸೆರಗಿಗೆ ಸುತ್ತಿಕೊಂಡು ಕೂತಳು. ಮಾತು ಕೊಟ್ಟಾಗಿದೆ. ಈ ಸಲ ತಪ್ಪಿದರೆ ಮಗಳು ಇನ್ನೆಂದೂ ತನ್ನ ಮುಂದೆ ಕತ್ತರಿ ಹಿಡಿಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎರಡನೇ ದಿನ, ಮಕ್ಕಳ ಅತ್ತೆ ಊಟಕ್ಕೆ ಬರುವ ದಿನ. ಅತ್ತೆ ಎಂದರೆ ಸುಮ್ಮನೆ ಅಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಫ್ಯಾನಿನ ರೆಕ್ಕೆಯ ಧೂಳು ನೋಡುವವಳು. ಹನ್ನೆರಡು ಗಂಟೆಗೆ ಮಕ್ಕಳು ಮೆಟ್ಟಿಲ ಮೇಲೆ ಕಾವಲಿಗೆ ಕೂತರು. ಗಂಡ ಅಡುಗೆಮನೆಯಲ್ಲಿ ಕೊನೆಯ ಪಾತ್ರೆಗಳ ಬಾಣ ಕೀಳುವುದರಲ್ಲಿ ಮುಳುಗಿದ್ದ. ಕೋಣೆಯಲ್ಲಿ ಬಾಣದಕ್ಕ ಮತ್ತು ಚಿಟ್ಟೆ, ಇಬ್ಬರೇ.

ಒಂದು ಸಲ ಬಾಗಿಲ ಕಡೆ ನೋಡಿದಳು. ಒಂದು ಸಲ ಚಿಟ್ಟೆ ಕಡೆ. ಸ್ಟೂಲು ತಾನಾಗಿಯೇ ಕಾಲಡಿಗೆ ಬಂದಂತಿತ್ತು. ಹೆಬ್ಬೆರಳು, ತೋರುಬೆರಳು, ಒಂದೇ ಒಂದು ಮಡಿಕೆ. ಎಡ ರೆಕ್ಕೆ ಇಳಿದು ಬಲ ರೆಕ್ಕೆಯ ಸಮಕ್ಕೆ ನಿಂತಿತು. ಎದೆಯೊಳಗೆ ತಣ್ಣಗಾಯಿತು.

"ಅಮ್ಮಾ."

ಬಾಗಿಲಲ್ಲಿ ಮಗಳು. ಅವಳ ಹಿಂದೆ ಪಟಾಕಿ, ಕೈಯಲ್ಲಿ ಸುರುಳಿ.

ಮಗಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ತಮ್ಮನ ಕೈಯಿಂದ ಸುರುಳಿ ತೆಗೆದುಕೊಂಡು, ಚರ್ರೆಂದು ಒಂದು ಬಾಣ ಕಿತ್ತು, ಸ್ಟೂಲಿನ ಮೇಲಿದ್ದ ಅಮ್ಮನ ಮಣಿಕಟ್ಟಿಗೆ ಅಂಟಿಸಿದಳು.

"ಯಾರು ಮಾಡಿದ್ರೋ ಅವರೇ ತಿದ್ದಬೇಕು."

"ತಿದ್ದಿದ್ದೇ ತಪ್ಪಾಯ್ತಲ್ಲೇ, ಇನ್ನೇನು ತಿದ್ದಲಿ?"

"ಮುಂಚೆ ಹೆಂಗಿತ್ತೋ ಹಂಗೆ ಮಾಡು."

ಅದೇನು ಮಹಾ ಎಂದುಕೊಂಡು ಬಾಣದಕ್ಕ ರೆಕ್ಕೆಯನ್ನು ಮೇಲಕ್ಕೆ ಬಗ್ಗಿಸಿದಳು. ಮಗಳು ಕುರ್ಚಿ ಹತ್ತಿ, ಒಂದು ಕಣ್ಣು ಮುಚ್ಚಿ ನೋಡಿದಳು. "ವಾಪಸ್ಸು." ಇನ್ನೊಂದು ಸಲ ಬಗ್ಗಿಸಿದಳು. "ಇದು ಬೇಕೂಂತ ಓರೆ ಮಾಡಿದ ಹಾಗಿದೆ. ವಾಪಸ್ಸು." ಹನ್ನೊಂದು ವರ್ಷ ನೇರವನ್ನೇ ಹುಡುಕಿದ ಬೆರಳುಗಳಿಗೆ ಓರೆ ಬರಲೇ ಇಲ್ಲ. ರೆಕ್ಕೆ ಏರಿದರೆ ಅತಿಯಾಗಿ ಏರುತ್ತಿತ್ತು, ಇಳಿದರೆ ಅಂಗಿಯ ಕಾಲರಿನಂತೆ ಶಿಸ್ತಾಗಿ ಕೂರುತ್ತಿತ್ತು. ಮೂರನೇ ಸಲದ ವಾಪಸ್ಸಿಗೆ ಅವಳ ಹಣೆಯಲ್ಲಿ ಬೆವರು.

ಕರೆಗಂಟೆ ಸದ್ದಾಯಿತು.

"ಬಾಗಿಲು ತೆಗಿಯೇ!" ಗಂಡನ ಕೂಗು.

"ನಾನು ಸ್ಟೂಲಿನ ಮೇಲಿದ್ದೀನಿ ರೀ, ಬಾಣ ಬಿದ್ದಿದೆ!"

ಅವನೇ ಹೋದ. ಮೊಣಕೈವರೆಗೆ ಸೋಪಿನ ನೊರೆ, ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ, ಬೆನ್ನಿಗೆ ಪಟಾಕಿ ಯಾವಾಗಲೋ ಅಂಟಿಸಿದ ಎರಡು ಬಾಣ. ಬಾಗಿಲಲ್ಲಿದ್ದ ಅವನ ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೋ ನಿನ್ನ ಅವತಾರ? ಹುಷಾರಿಲ್ವಾ ಅವಳಿಗೆ?"

"ಹುಷಾರಾಗೇ ಇದ್ದಾಳೆ. ಅದೇ ತೊಂದರೆ," ಎಂದ ಅವನು.

ಅತ್ತೆ ಒಳಗೆ ಬಂದಳು. ಫ್ಯಾನು ನೋಡುವ ಮೊದಲು ಕಣ್ಣು ಚಿಟ್ಟೆಗೆ ತಾಗಿತು. "ಇದ್ಯಾರು ಮಾಡಿದ್ದು? ಒಂದು ರೆಕ್ಕೆ ಆಕಾಶಕ್ಕೆ ಹೋಗ್ತಿದೆಯಲ್ಲ."

ಬಾಣದಕ್ಕನ ಕೈ ಇನ್ನೂ ರೆಕ್ಕೆಯ ತುದಿಯಲ್ಲೇ ಇತ್ತು. ಅತ್ತೆಯ ಕಡೆ ತಿರುಗುವಾಗ ಬೆರಳು ಜಾರಿ, ರೆಕ್ಕೆ ತನ್ನ ಪಾಡಿಗೆ ಒಂದು ಎಳೆಯಷ್ಟು ಇಳಿಯಿತು.

"ನಾನು!" ಎಂದಳು ಮಗಳು. ಇಡೀ ಬೀದಿಗೆ ಕೇಳುವಂತೆ. "ಅದು ಟರ್ನಿಂಗ್ ತಗೊಳ್ತಿದೆ ಅತ್ತೆ. ತಿರುಗುವಾಗ ಒಂದು ರೆಕ್ಕೆ ಮೇಲೆ ಹೋಗುತ್ತೆ. ಬೇಕಾದ್ರೆ ಅಪ್ಪನ್ನ ಕೇಳಿ."

"ಹೌದು ಹೌದು," ಎಂದ ಅಪ್ಪ, ನೊರೆ ಒರೆಸಿಕೊಳ್ಳುತ್ತ. "ಬಲಕ್ಕೆ ಟರ್ನಿಂಗು."

ಅತ್ತೆ ತಲೆ ಒಂದು ಪಕ್ಕಕ್ಕೆ ವಾಲಿಸಿ ನೋಡಿದಳು. "ಹಂಗಾ? ಹಂಗಾದ್ರೆ ಸರಿಯಾಗೇ ಇದೆ ಬಿಡು."

ಮಗಳು ಮತ್ತೆ ಕುರ್ಚಿ ಹತ್ತಿದಳು. ಒಂದು ಕಣ್ಣು ಮುಚ್ಚಿ ಚಿಟ್ಟೆ ನೋಡಿದಳು. ಅಮ್ಮನ ಮಣಿಕಟ್ಟಿನಿಂದ ಬಾಣ ಕಿತ್ತು ಉಂಡೆ ಮಾಡಿ ಎಸೆದಳು. "ಪಾಸು."

ಎಲ್ಲರೂ ಕೂತರು. "ಏ, ಅಕ್ಕಂಗೆ ಒಂದು ಟೀ..." ಎಂದು ಗಂಡ ಶುರು ಮಾಡಿದ. ಹಿಂದುಗಡೆ ಸುರುಳಿ ಚರ್ರೆಂದಿತು. ಅವನು ಮಾತನ್ನು ಅಲ್ಲೇ ನುಂಗಿ, ರಿವರ್ಸ್ ಗೇರಿನಲ್ಲಿ ಅಡುಗೆಮನೆಗೆ ಹೋದ. ಅವನು ತಂದ ಟೀಯಲ್ಲಿ ಸಕ್ಕರೆ ಚಮಚ ನಿಲ್ಲುವಷ್ಟಿತ್ತು. ಬಾಣದಕ್ಕ ಪೂರ್ತಿ ಕುಡಿದಳು. ಆಮೇಲೆ ಖಾಲಿ ಲೋಟವನ್ನು, ಗಂಡ ದಿನಾ ಇಡುವ ಜಾಗದಲ್ಲೇ, ಕುರ್ಚಿಯ ಕೆಳಗೆ ಮೆಲ್ಲಗೆ ತಳ್ಳಿದಳು.

ಪಟಾಕಿ ಅದನ್ನು ನೋಡಿಬಿಟ್ಟ. ಓಡಿ ಬಂದು ಸುರುಳಿ ಎಳೆದ. ಬರೀ ಬಿಳಿ ಕಾಗದ ಬಂತು.

"ಅಮ್ಮಾ, ಬಾಣ ಮುಗಿದೇ ಹೋಯ್ತು!"

"ಗೊತ್ತು," ಎಂದು ಬಾಣದಕ್ಕ ಬೆತ್ತದ ಕುರ್ಚಿಗೆ ಬೆನ್ನು ಒರಗಿಸಿದಳು. "ಅದಕ್ಕೇ ಇಟ್ಟೆ."