ಅರಿಶಿನದಲ್ಲಿ ಮೂಡಿದ ಅತ್ತೆ

ಅಭಿಪ್ರಾಯ ಕೇಳುವವರೆಲ್ಲ ನಿಜವಾಗಿ ಕೇಳುವುದು ಹೊಗಳಿಕೆಯನ್ನೇ. ಇದು ನನಗೆ ನನ್ನನ್ನು ನೋಡಿಯೇ ತಿಳಿದದ್ದು. "ಮುಲಾಜಿಲ್ದ ಹೇಳ್ರಿ" ಎಂದು ಬಾಯಿ ಅನ್ನುತ್ತಿರುವಾಗಲೇ ಕಿವಿ "ಭಾಳ ಛಂದ ಐತಿ" ಎಂಬ ಮಾತಿಗೆ ಚಾಪೆ ಹಾಸಿ ಕಾಯುತ್ತಿರುತ್ತದೆ. ಊಟಕ್ಕೆ ಕರೆದವರು ಉಪ್ಪು ಸರಿಯಾಗಿದೆಯೇ ಎಂದು ಕೇಳಿದಾಗ ನಾವು ಯಾರಾದರೂ ನಿಜ ಹೇಳಿದ್ದುಂಟೆ?

ಅಥಣಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ನನಗೆ ಈಚೆಗೆ ಒಂದು ಹುಚ್ಚು ಹಿಡಿಯಿತು: ಅರಿಶಿನದಿಂದ ಫೋಟೊ ಮೂಡಿಸುವುದು. ಸ್ಪಿರಿಟ್ಟಿನಲ್ಲಿ ಕಲಸಿದ ಅರಿಶಿನವನ್ನು ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿದ ಫೋಟೊವನ್ನು ಅದರ ಮೇಲಿಟ್ಟು, ಗಾಜು ಹೇರಿ ಬಿಸಿಲಿಗಿಡಬೇಕು. ಬಿಸಿಲು ತಾಗಿದಲ್ಲಿ ಹಳದಿ ಹಾರಿಹೋಗುತ್ತದೆ, ಫೋಟೊದ ಕಪ್ಪು ಗೆರೆಗಳು ಮರೆಮಾಡಿದಲ್ಲಿ ಉಳಿಯುತ್ತದೆ. ಉಳಿದದ್ದೇ ಚಿತ್ರ. ಸಾರಿನ ಕಲೆ ಬಿದ್ದ ಸೀರೆಯನ್ನು ಬಿಸಿಲಿಗೆ ಹಾಕಿದರೆ ಹಳದಿ ಹೋಗುತ್ತದೆಂದು ತಿಳಿಯದ ಹೆಂಗಸು ನಮ್ಮ ಕಡೆ ಇಲ್ಲ. ಅದನ್ನೇ ನಾನು ಇಂಟರ್ನೆಟ್ಟಿನಲ್ಲಿ ಓದಿ 'ಪ್ರಯೋಗ' ಎಂದು ಕರೆದೆ.

ಮೊದಲ ಪ್ರಯೋಗಕ್ಕೆ ಸಿಕ್ಕವರು ನನ್ನ ಅತ್ತೆ. ದ್ರಾಕ್ಷಿ ಚಪ್ಪರದಡಿ ನಿಂತಿದ್ದ ಅವರ ಫೋಟೊ ತೆಗೆದು, ಮಾಳಿಗೆಯ ಬಿಸಿಲಿಗಿಟ್ಟಿದ್ದೆ. ಮಾಳಿಗೆಗೆ ಬಂದ ಅವರು ಗಾಜಿನಡಿ ತಮ್ಮ ಮುಖ ನೋಡಿ ದಂಗಾದರು. "ಹಪ್ಪಳ ಒಣಗಸೂ ಜಾಗಾದಾಗ ನನ್ನನ್ಯಾಕ ಒಣಗಾಕ ಹಾಕೀ ಬೇ?"

ಚಿತ್ರ ಮೂಡಿತು. ಒಂದೊಂದು ಸುಕ್ಕೂ ನೇಗಿಲು ಹೊಡೆದ ಹೊಲದ ಹಾಗೆ ಸ್ಪಷ್ಟ. ಅದನ್ನು ಫೈಲಿನಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆಯೇ ಚಿಕ್ಕೋಡಿಯ ಬಸ್ಸು ಹತ್ತಿದೆ. ಅಲ್ಲಿ ಜಲವರ್ಣದ ಶೋಭಕ್ಕನ ಮನೆಯಲ್ಲಿ ನಾವು ಚಿತ್ರ ಬರೆಯುವ ಗೆಳತಿಯರು ಆಗಾಗ ಸೇರಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಮಾತಾಡುತ್ತೇವೆ. ಅವತ್ತು ನಿಪ್ಪಾಣಿಯಿಂದ ಕಸೂತಿಯ ರಜಿಯಾ ಕೂಡ ಬಂದಿದ್ದಳು.

ಎಲ್ಲರಿಗೂ ಕಾಣಲೆಂದು ಚಿತ್ರವನ್ನು ಕಿಟಕಿಯಲ್ಲಿ ನಿಲ್ಲಿಸಿ, "ಮುಲಾಜಿಲ್ದ ಹೇಳ್ರಿ" ಎಂದೆ.

ರಜಿಯಾ ಬಗ್ಗಿ ನೋಡಿ, ನಿಜವಾದ ಕಳವಳದಿಂದ ಕೇಳಿದಳು: "ಮಾರಿ ಇಷ್ಟ್ ಹಳದಿ ಐತಿ, ಅತ್ತಿಯಾರಿಗೆ ಕಾಮಣಿ ಆಗೈತೇನ್ರಿ?"

ಶೋಭಕ್ಕ ನಗಲಿಲ್ಲ. ಬಹಳ ಹೊತ್ತು ನೋಡಿ ಹೇಳಿದಳು: "ನೀ ಬರೇ ಸುಕ್ಕ ನೋಡೀ, ಅತ್ತೀನ ನೋಡಿಲ್ಲ. ನಾ ನಿಮ್ಮ ಮನಿಗೆ ಬಂದಾಗೊಮ್ಮೆ ಆಕಿ ಎಷ್ಟ್ ನಕ್ಕು ನಗಸ್ತಾಳ. ಆ ನಗಿ ಎಲ್ಲಿ ಐತಿ ಇದರಾಗ?"

ಉತ್ತರವಿಲ್ಲದವರು ಉಪನ್ಯಾಸ ಕೊಡುತ್ತಾರೆ. ನಾನೂ ಕೊಟ್ಟೆ. ನೆರಳು-ಬೆಳಕು, ಕಾಗದದ ಗುಣ, ಅರಿಶಿನದ ಮಹಿಮೆ, ಯಾವುದನ್ನೂ ಬಿಡಲಿಲ್ಲ. ಚಹಾ ಬಂತು, ಅವಲಕ್ಕಿ ಬಂತು, ಮತ್ತೊಮ್ಮೆ ಚಹಾ ಬಂತು. ಕೊನೆಗೆ ರಜಿಯಾ ಮೆಲ್ಲಗೆ, "ಅಕ್ಕಾ, ಅತ್ತಿಯಾರು ಹೊಂಟಾರ ನೋಡ್ರಿ" ಎಂದಳು.

ತಿರುಗಿದೆ. ಕಿಟಕಿಯ ಬಿಸಿಲು ನೇರವಾಗಿ ಚಿತ್ರದ ಮೇಲೆ ಬಿದ್ದಿತ್ತು. ಅರಿಶಿನದ ಚಿತ್ರ ಮೂಡಿದ ಮೇಲೂ ಬಿಸಿಲಿಗೆ ಮಾಸುತ್ತಲೇ ಇರುತ್ತದೆ ಎಂದು ಆಗಷ್ಟೇ ಅವರಿಗೆ ವಿವರಿಸಿದವಳು ನಾನೇ. ಗೆರೆಗಳೆಲ್ಲ ತೆಳುವಾಗಿ, ಮುಖ ಕೆನೆ ಬಣ್ಣದ ಮಬ್ಬಾಗಿ ಉಳಿದಿತ್ತು.

ಬಸ್ಸಿನುದ್ದಕ್ಕೂ ಫೈಲನ್ನು ಎದೆಗವಚಿಕೊಂಡು ಕುಳಿತೆ. ಚಿತ್ರ ಹೋದದ್ದಕ್ಕಿಂತ ಶೋಭಕ್ಕನ ಮಾತು ಹೆಚ್ಚು ಚುಚ್ಚುತ್ತಿತ್ತು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದು, ಕ್ಯಾಮೆರಾ ಹಿಡಿದಾಗ ನನಗೆ ಕಂಡದ್ದು ಚರ್ಮವಷ್ಟೇನೆ?

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದ್ರ ನಿನ್ನ ಗೆಳತೇರು?"

"ನಿಮ್ಮ ನಗಿ ಬಂದಿಲ್ಲ ಅಂದ್ರು ಅತ್ತಿ. ಬಿಸಿಲಿಗೆ ಚಿತ್ರಾನೂ ಹೋತು," ಎಂದು ತೆಗೆದು ಕೊಟ್ಟೆ.

ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಬೊಚ್ಚುಬಾಯಿ ಅಗಲವಾಗಿ ತೆರೆದು ನಕ್ಕರು.

"ಸುಕ್ಕೆಲ್ಲಾ ಹೋಗ್ಯಾವಲ್ಲ ಬೇ! ಇನ್ನೊಂದೀಟ ಬಿಸಿಲಿಗಿಡು. ನಾ ಈ ಮನಿಗೆ ಸೊಸಿಯಾಗಿ ಬಂದಾಗ ಹೆಂಗಿದ್ನಿ, ನೀನೂ ನೋಡೀಯಂತ."

ಹಾಗೆಂದು, ನನ್ನನ್ನು ನಂಬದೆ, ಚಿತ್ರ ಹಿಡಿದು ತಾವೇ ಮಾಳಿಗೆಯ ಮೆಟ್ಟಿಲು ಹತ್ತಿದರು. ಕ್ಯಾಮೆರಾ ನನ್ನ ಹೆಗಲಲ್ಲೇ ಇತ್ತು. ಫೋಟೊ ತೆಗೆಯುವುದು ಮರೆತು, ಅವರನ್ನು ನೋಡುತ್ತಾ ನಿಂತುಬಿಟ್ಟೆ.