ಬಸಿದ ರಾಜ್ಮಾ

ಇಲ್ಲ, ಅವರು ನಗಲಿಲ್ಲ ಅನಿಸುತ್ತದೆ. ನಕ್ಕರು ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಗಂಡನಿಗೆ ಫೋನಿನಲ್ಲಿ ಹೇಳುವಾಗ ಕಥೆ ಚೆನ್ನಾಗಿರಲೆಂದು ಆ ನಗುವನ್ನು ನಾನೇ ಸೇರಿಸಿರಬಹುದು.

ಗಲ್ಫಿನಲ್ಲಿ, ಖಾಲಿದಿಯಾದ ನಮ್ಮ ಮಹಡಿಯಲ್ಲಿ, ಅವರು ಎದುರು ಫ್ಲ್ಯಾಟಿನವರು. ಅಮೆರಿಕದ ಲೂಸಿಯಾನಾ ಕಡೆಯವರು, ಅರವತ್ತರ ಆಸುಪಾಸು. ನನ್ನ ಗಂಡನ ಹಾಗೆ ಅವರ ಗಂಡನೂ ಸಮುದ್ರದ ನಡುವೆ ಎಣ್ಣೆ ರಿಗ್ಗಿನಲ್ಲಿ, ನಾಲ್ಕು ವಾರ ಅಲ್ಲಿ, ನಾಲ್ಕು ವಾರ ಮನೆಯಲ್ಲಿ. ಮಗಳು ಶಾಲೆಗೆ ಹೋದರೆ ಮೂರು ಗಂಟೆಯವರೆಗೆ ನಮ್ಮ ಮನೆಯಲ್ಲಿ ಏಸಿಯ ಸದ್ದೊಂದೇ. ಬೆಲ್ ಒತ್ತುತ್ತಿದ್ದವರು ಇಬ್ಬರು: ನೀರಿನ ಕ್ಯಾನು ತರುವವನು, ಪ್ರತಿ ಸೋಮವಾರ ಡಬ್ಬಿ ಹಿಡಿದ ಅವರು. ಡಬ್ಬಿಯಲ್ಲಿ ಅನ್ನ, ಮೇಲೆ ಮಂದವಾದ ಕೆಂಪು ರಾಜ್ಮಾ.

“ಸೋಮವಾರ ನಮ್ಮಜ್ಜಿ ಬಟ್ಟೆ ಒಗೆಯೋ ದಿನ. ಕಾಳು ಒಲೆ ಮೇಲೆ ತನ್ನಷ್ಟಕ್ಕೆ ಬೇಯ್ತಿತ್ತು.”

“ಈಗ ಮಷೀನ್ ಇದೆಯಲ್ಲ, ಆಂಟಿ?”

“ಮಷೀನ್ ಊಟ ಹಾಕತ್ತಾ? ಮತ್ತೆ ಆಂಟಿ ಅನ್ಬೇಡ. ನಾನು ನಿನ್ನ ಅಮ್ಮನ ತಂಗಿಯಲ್ಲ.”

ಆದರೂ ಅನ್ನುತ್ತಿದ್ದೆ. ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನಾಲಗೆ ಏಳುವುದಿಲ್ಲ.

ಡಬ್ಬಿಯನ್ನು ಖಾಲಿ ಮರಳಿಸುವ ಅಭ್ಯಾಸ ನನಗಿಲ್ಲ. ನೀರುದೋಸೆಯೋ ಗೋಳಿಬಜೆಯೋ ಹೋಗುತ್ತಿತ್ತು. ಆದರೆ ಎಲ್ಲವೂ ಬಾಗಿಲಲ್ಲೇ. ಅವರು ಒಮ್ಮೆಯೂ ಒಳಗೆ ಬಂದು ಕೂತಿರಲಿಲ್ಲ. ಒಂದು ಸಲ ಕೂತರೆ ಮತ್ತೆ ಬರುತ್ತಾರೆ, ಹಗಲಿಗೆ ನನಗೊಬ್ಬರು ಸಿಗುತ್ತಾರೆ ಎಂಬ ಆಸೆಯಿಂದ, ಈ ಸೋಮವಾರ ರಾಜ್ಮಾ ನನ್ನದು, ನೀವು ಊಟಕ್ಕೆ ಬನ್ನಿ ಎಂದೆ.

ಅವರು ಹೇಳಿಕೊಟ್ಟಂತೆಯೇ ಮಾಡಿದೆ. ರಾತ್ರಿಯೇ ನೆನೆಹಾಕಿದೆ. ಈರುಳ್ಳಿ, ಸೆಲರಿ, ಕ್ಯಾಪ್ಸಿಕಂ ಬಾಡಿಸಿ, ಹೊಗೆ ಹಾಕಿದ ಬೀಫ್ ಸಾಸೇಜ್ ಹೆಚ್ಚಿ ಹಾಕಿದೆ. ಕುಕ್ಕರ್ ಮುಟ್ಟಕೂಡದು ಎಂದಿದ್ದರು, ಮುಟ್ಟಲಿಲ್ಲ. ಎರಡು ಗಂಟೆ ಬೆಂದಿತು. ಆಮೇಲೆ ಕೈ ತಲೆಯನ್ನು ಕೇಳಲಿಲ್ಲ. ನಮ್ಮಲ್ಲಿ ಹುರುಳಿ ಬೇಯಿಸಿದರೆ ನೀರು ಬಸಿದು ಸಾರು, ಕಾಳಿಗೆ ತೆಂಗಿನತುರಿ ಹಾಕಿ ಉಪ್ಕರಿ. ನೀರು ಬಸಿದೇಬಿಟ್ಟೆ. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಚೊಂಯ್ ಎಂದ ಮೇಲೆ ನೆನಪಾಯಿತು: ಕಾಳನ್ನು ಆ ನೀರಿನಲ್ಲೇ ಸೌಟಿನಿಂದ ಜಜ್ಜಿ ಮಂದ ಮಾಡಬೇಕಿತ್ತು. ಅಷ್ಟರಲ್ಲಿ ಬೆಲ್.

ಅವರು ಎರಡೂ ಪಾತ್ರೆಗಳನ್ನು ಇಣುಕಿದರು. “ನನ್ನ ಬೀನ್ಸ್ ಎಲ್ಲಿ?”

“ಇದು ಬೀನ್ಸ್. ಇದು... ಅದರ ನೀರು.”

“ಇಬ್ಬರಿಗೂ ಡೈವೋರ್ಸ್ ಕೊಡಿಸಿದ್ಯಾ!”

ನಕ್ಕರೋ ಇಲ್ಲವೋ ಎಂಬ ಅನುಮಾನ ಈ ಮಾತಿನ ಬಳಿ. ಕೂತದ್ದು ಮಾತ್ರ ನಿಜ. ಸಾರನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿದರು. ಮಗಳು ಬರುವವರೆಗೂ ಇದ್ದರು. ಅವಳು ಒಂದು ತುತ್ತು ತಿಂದು, “ಅಮ್ಮಾ, ವೈ ಈಸ್ ಇಟ್ ಸೋ ಡ್ರೈ?” ಎಂದಾಗ ಅವರು ಅವಳಿಗೆ ಕಣ್ಣು ಹೊಡೆದರು. ಉಳಿದ ಸಾರನ್ನು ಕೇಳಿ ಒಯ್ದರು. ಬಾಗಿಲಲ್ಲಿ ನಾನು, “ಮುಂದಿನ ಸೋಮವಾರವೂ ಇಲ್ಲೇ ಬನ್ನಿ” ಎಂದೆ. ತಲೆಯಾಡಿಸಿದರು. ಅಥವಾ ಆಡಿಸಿದಂತೆ ಈಗ ಕಾಣುತ್ತದೆ.

ಮುಂದಿನ ಸೋಮವಾರ ಬರಲಿಲ್ಲ. ಮಂಗಳವಾರ ನಾನೇ ಹೋಗಿ ಬೆಲ್ ಒತ್ತಿದೆ. ಮೆಟ್ಟಿಲು ಒರೆಸುತ್ತಿದ್ದ ವಾಚ್‌ಮನ್ ಹೇಳಿದ, “ಖಲಾಸ್ ಮೇಡಂ. ಗುರುವಾರವೇ ಖಾಲಿ ಮಾಡಿದ್ರು. ಸಾಹೇಬರ ಕಾಂಟ್ರಾಕ್ಟ್ ಮುಗೀತು.” ಗುರುವಾರ ನಾನು ಎರಡು ಗಂಟೆ ದಾರಿಯ ಬರ್ ದುಬೈಗೆ ಸೀರೆ ಫಾಲ್ ತರಲು ಹೋಗಿದ್ದೆ. ಅದು ಬೇರೆ ಗುರುವಾರವೂ ಇರಬಹುದು. ಹಾಗಿದ್ದರೆ ಪೆಟ್ಟಿಗೆ ಎಳೆಯುವ ಸದ್ದು ನನಗೇಕೆ ಕೇಳಲಿಲ್ಲ? ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ಒಂದೇ ಟಿಕ್. ಇಲ್ಲಿಯ ಸಿಮ್ ಬಿಟ್ಟಿರಬೇಕು.

“ಹೇಳ್ಲೇ ಇಲ್ವಾ?” ಎಂದರು ಗಂಡ ಫೋನಿನಲ್ಲಿ. “ಇರ್ಲಿ ಬಿಡು ಮಾರಾಯ್ತಿ, ಇಲ್ಲಿ ಎಲ್ಲ ಹಾಗೇ.”

ಮೂರು ದಿನದಲ್ಲಿ ಒಂದು ಮನೆಯನ್ನು ಕಟ್ಟಿ ಸಾಗಿಸಲಾಗುವುದಿಲ್ಲ ಎಂದು ಒಮ್ಮೆ ಅನಿಸುತ್ತದೆ. ಆದರೆ ಈ ಊರಿನಲ್ಲಿ ಒಂದೇ ಬೆಳಗ್ಗೆ ಕೆಲಸ ಹೋಗಿ ಹೊರಟವರನ್ನೂ ಕಂಡಿದ್ದೇನೆ. ಅಂದು ನನ್ನ ಮೇಜಿನ ಮುಂದೆ ಕೂತಾಗ ಹೊರಡುವುದು ಅವರಿಗೆ ಗೊತ್ತಿತ್ತೋ, ಗೊತ್ತಿದ್ದೂ ಹೇಳದೆ ಹೋದರೋ, ನನಗೆ ತಿಳಿದಿಲ್ಲ.